ತುಪ್ಪದ ಮಿಳ್ಳಿ

ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ ಡಾಕ್ಟರಮ್ಮ ಏನೂ ಮಾತಾಡದೆ ನಿಂತುಬಿಟ್ಟಾಗ ಫಕೀರವ್ವನ ಜೀವ ಬಾಯಿಗೆ ಬಂತು. ಬೈಯುವ ಡಾಕ್ಟರರನ್ನು ಅವಳು ಕಂಡಿದ್ದಳು, ಮುಖ ನೋಡದೆ ಚೀಟಿ ಗೀಚಿ ಕಳಿಸುವವರನ್ನೂ ಕಂಡಿದ್ದಳು. ಹೀಗೆ ಸುಮ್ಮನಾಗುವವರನ್ನು ಕಂಡಿರಲಿಲ್ಲ. ಪಕ್ಕದ ಗಾಲಿಮಂಚದ ಮೇಲೆ ಅವಳ ಗಂಡ ಮೂಗಿಗೆ ಆಕ್ಸಿಜನ್ನಿನ ನಳಿಗೆ ಸಿಕ್ಕಿಸಿಕೊಂಡು, ಆಳದ ಬಾವಿಯಿಂದ ನೀರು ಸೇದುವವನ ಹಾಗೆ ಒಂದೊಂದೇ ಉಸಿರನ್ನು ಮೇಲಕ್ಕೆಳೆಯುತ್ತಿದ್ದ. ಮೈ ಮುಟ್ಟಿದರೆ ಕಾದ ಹಂಚು.

ಬೆಳಿಗ್ಗೆ ವಾಸ್ಕೋದ ಬಂದರಿನಲ್ಲಿ ಹಡಗಿನ ಹೊಟ್ಟೆಗೆ ಇಳಿದವನು ಸಲಿಕೆ ಹಿಡಿದ ಸ್ವಲ್ಪ ಹೊತ್ತಿಗೇ ಕುಸಿದು ಕೂತಿದ್ದ. ಆಳುಗಳ ಮೇಸ್ತ್ರಿ, ಮುಕಾದಮ ಮಕ್ತುಮಸಾಬ ಅವನನ್ನು ಹೆಗಲಿಗೆ ಹಾಕಿಕೊಂಡು ಮೇಲೆ ತಂದು ಹತ್ತಿರದ ಆಸ್ಪತ್ರೆಗೆ ಒಯ್ದರೆ, ಅಲ್ಲಿಯವರು ಇದು ನಮ್ಮ ಕೈಲಾಗುವ ಕೆಲಸವಲ್ಲ ಎಂದು ಆಂಬುಲೆನ್ಸಿನಲ್ಲಿ ಪಣಜಿ ಕಡೆಯ ಈ ದೊಡ್ಡಾಸ್ಪತ್ರೆಗೆ ಕಳಿಸಿದ್ದರು. ಬಾಯ್ನಾದ ಜೋಪಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಫಕೀರವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಆಂಬುಲೆನ್ಸು ಹತ್ತಿದ್ದಳು. ಆ ಗಡಿಬಿಡಿಯಲ್ಲೂ ಒಂದು ಸೀರೆ, ಒಂದು ತಂಬಿಗೆ, ತುಪ್ಪದ ಡಬ್ಬಿ, ಅದರ ಮಿಳ್ಳಿ ಇಷ್ಟನ್ನು ಅರಿವೆಯಲ್ಲಿ ಸುತ್ತಿಕೊಳ್ಳುವುದನ್ನು ಮಾತ್ರ ಮರೆತಿರಲಿಲ್ಲ.

"ಹೆಸರೇನು ಇವರದ್ದು?" ಡಾಕ್ಟರಮ್ಮ ಫಿಲ್ಮಿನಿಂದ ಕಣ್ಣು ತೆಗೆಯದೆ ಕನ್ನಡದಲ್ಲೇ ಕೇಳಿದಳು. ಸುಲಭಾ ಮಾಜಾಳಿಕರ ಎಂದು ಅವಳ ಕೋಟಿನ ಮೇಲೆ ಬರೆದಿತ್ತು. ಕಾರವಾರದ ಕಡೆಯ ಹುಡುಗಿ. ಎಲ್ಲೆಲ್ಲೂ ಕೊಂಕಣಿ, ಹಿಂದಿಯೇ ಕಿವಿಗೆ ಬಡಿಯುವ ಈ ಊರಲ್ಲಿ ಡಾಕ್ಟರ ಬಾಯಿಂದ ಕನ್ನಡ ಬಂದದ್ದಕ್ಕೇ ಫಕೀರವ್ವನಿಗೆ ಅರ್ಧ ಧೈರ್ಯ ಬಂತು. ಆದರೆ ಹೆಸರು? ಅವಳು ಸೆರಗು ಬಾಯಿಗೆ ಹಿಡಿದು ಮಕ್ತುಮಸಾಬನ ಮುಖ ನೋಡಿದಳು.

"ಕಂಠೆಪ್ಪ ಅಂತ ಬರಕೋರಿ ಬಾಯಾರ," ಎಂದ ಮಕ್ತುಮಸಾಬ. "ಆಕಿ ಗಂಡನ ಹೆಸರ ಹೇಳಂಗಿಲ್ಲ. ಪ್ರಾಣಾ ಹೋದ್ರೂ..." ಅಂದವನು ಯಾವ ಮಾತನ್ನು ಎಲ್ಲಿ ಆಡಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡ.

"ಬೀಡಿ ಸೇದ್ತಾರಾ?"

"ಇಲ್ರಿ. ಬೀಡಿ ಇಲ್ಲ, ಸೆರಿ ಇಲ್ಲ. ಎಲಿ-ಅಡಕಿ ಅಷ್ಟ," ಈಗ ಫಕೀರವ್ವನೇ ಹೇಳಿದಳು.

"ಮನೇಲಿ ಟಿಬಿ ಯಾರಿಗಾದರೂ?"

"ಇಲ್ರಿ ಎವ್ವಾ."

"ಏನಾದರೂ ಔಷಧಿ ತಗೊಳ್ತಿದ್ರಾ? ಮಾತ್ರೆ, ನಾಟಿ ಔಷಧಿ, ಯಾರಾದರೂ ಕೊಟ್ಟ ಬೇರುಗೀರು?"

"ಒಂದ ಗುಳಿಗಿ ಸೈತ ನುಂಗಿದವ್ರಲ್ರಿ," ಎಂದಳು ಫಕೀರವ್ವ ತುಸು ಹೆಮ್ಮೆಯಿಂದಲೇ. ಅದು ಸುಳ್ಳಾಗಿರಲಿಲ್ಲ.

ಸುಲಭಾ ಫಿಲ್ಮನ್ನು ಅವಳಿಗೂ ತೋರಿಸಿದಳು. ಕಪ್ಪು ಎದೆಗೂಡಿನ ಕೆಳಭಾಗದಲ್ಲಿ, ಎರಡೂ ಮಗ್ಗುಲಿಗೆ, ಬೆಳ್ಳಗಿನ ಉಂಡೆ ಉಂಡೆ. ಎರಿ ಹೊಲದಲ್ಲಿ ಹತ್ತಿ ಒಡೆದ ಹಾಗೆ ಕಂಡಿತು ಫಕೀರವ್ವನಿಗೆ.

"ಇವು ಗಂಟುಗಳು. ಶ್ವಾಸಕೋಶದಲ್ಲಿವೆ. ಟಿಬಿ ಇರಬಹುದು, ಅದಿರಿನ ಧೂಳು ಇರಬಹುದು," ಎಂದು ಸುಲಭಾ ಫಿಲ್ಮನ್ನು ಕೆಳಗಿಳಿಸಿದಳು. "ಬೇರೆ ಏನಾದರೂ ಇರಬಹುದು. ನೋಡೋಣ."

ಬೇರೆ ಏನಾದರೂ! ಆ ಮಾತಿನ ಅರ್ಥ ಫಕೀರವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಯ್ನಾದಲ್ಲಿ ಪಕ್ಕದ ಜೋಪಡಿಯ ದುರ್ಗಾಬಾಯಿಗೆ ಹೊಟ್ಟೆಯಲ್ಲಿ ಗಂಟು ಬಂದಾಗಲೂ ಡಾಕ್ಟರರು ಬೇರೆ ಏನಾದರೂ ಇರಬಹುದು ಅಂದಿದ್ದರು. ಮುಂದಿನ ಮಳೆಗಾಲ ಅವಳು ಕಾಣಲಿಲ್ಲ. ದೊಡ್ಡ ಬ್ಯಾನಿಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಗಂಡನ ಹೆಸರಿನ ಹಾಗೆಯೇ. ಫಕೀರವ್ವ ಗಾಲಿಮಂಚದ ಕಬ್ಬಿಣ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕೂತಳು.

ಗೋವಾ ಬೇರೆ ರಾಜ್ಯವಾಗಿ ಆಗ ವರ್ಷ ದಾಟಿತ್ತು. ಗಂಡ ಹೆಂಡತಿ ಹುನಗುಂದದ ಕಡೆಯಿಂದ ಬಾಯ್ನಾಕ್ಕೆ ಬಂದು ಅದಕ್ಕಿಂತ ಹೆಚ್ಚಾಗಿತ್ತು. ತನ್ನೂರಿನವನೇ ಆದ ಮಕ್ತುಮಸಾಬ ಕಂಠೆಪ್ಪನನ್ನು ತನ್ನ ಗುಂಪಿಗೆ ಸೇರಿಸಿಕೊಂಡಿದ್ದ. ಬಾರ್ಜೆಂಬ ಚಪ್ಪಟೆ ದೋಣಿಯಲ್ಲಿ ಬಂದ ಕಬ್ಬಿಣದ ಅದಿರು ಹಡಗಿಗೆ ಸುರಿಯುತ್ತಿದ್ದಂತೆ, ಅದರ ಹೊಟ್ಟೆಯೊಳಗೆ ಇಳಿದು ಮೂಲೆಮೂಲೆಗೆ ಮಣ್ಣು ಎಳೆದು ಸಮ ಮಾಡುವ ಕೆಲಸ. ಆಳುಗಳು ಅದನ್ನು ಅದಿರು ಅನ್ನುತ್ತಿರಲಿಲ್ಲ, ಮಣ್ಣು ಅನ್ನುತ್ತಿದ್ದರು. ಸಂಜೆ ಕಂಠೆಪ್ಪ ಬಂದರೆ ಹುಬ್ಬು ಕೆಂಪು, ಕಿವಿ ಕೆಂಪು, ಉಗುಳಿದರೆ ಉಗುಳೂ ಕೆಂಪು. ಮೈ ತೊಳೆದ ನೀರು ಜೋಪಡಿಯ ಮುಂದೆ ಕುಂಕುಮದ ನೀರಿನಂತೆ ಹರಿದು ಸಮುದ್ರದ ಕಡೆ ಹೋಗುತ್ತಿತ್ತು.

ಉಳಿದ ಆಳುಗಳು ಧೂಳು ಇಳಿಯಲೆಂದು ಬೆಲ್ಲ ತಿನ್ನುತ್ತಿದ್ದರು. ಫಕೀರವ್ವನಿಗೆ ಬೆಲ್ಲದ ಮೇಲೆ ನಂಬಿಕೆ ಇರಲಿಲ್ಲ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಧೂಳು ಹೋಗುವುದು ಮೂಗಿಗೆ. ಇವೆರಡೂ ಎಲ್ಲಿ ಭೇಟಿಯಾಗಬೇಕು? ಅವಳಪ್ಪ ಗದಗಿನ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ಹತ್ತಿಯ ಧೂಳಿನಲ್ಲೇ ದುಡಿದವನು. ದಿನಾ ಅವ್ವ ಅವನ ಮೂಗಿಗೆ ಆಕಳ ತುಪ್ಪ ಹಚ್ಚುತ್ತಿದ್ದಳು. ಅಪ್ಪ ಎಂಬತ್ತು ದಾಟಿದರೂ ಗುಂಡುಕಲ್ಲಿನ ಹಾಗಿದ್ದ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಾಗಾಗಿ ಊರಿಂದ ಯಾರು ಹುಬ್ಬಳ್ಳಿಯ ರೈಲು ಹತ್ತಿ ವಾಸ್ಕೋಕ್ಕೆ ಬಂದರೂ ಅವ್ವ ಅವರ ಕೈಯಲ್ಲಿ ಒಂದು ಡಬ್ಬಿ ತುಪ್ಪ ಕಳಿಸುತ್ತಿದ್ದಳು. ಜೋಪಡಿಯಲ್ಲಿ ಮುಚ್ಚಳ ತೆಗೆದರೆ ಇಡೀ ಓಣಿಯ ಮೂಗು ಅರಳುತ್ತಿತ್ತು. ಆ ತುಪ್ಪ ರೊಟ್ಟಿಗೆ ಬೀಳಲಿಲ್ಲ, ಹಬ್ಬದ ಹೋಳಿಗೆಗೂ ಬೀಳಲಿಲ್ಲ. ಫಕೀರವ್ವ ಬೆರಳಿಗಂಟಿದ್ದನ್ನು ಸಹ ನೆಕ್ಕದೆ ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು. ಅದು ಇರುವುದು ಅವರ ಮೂಗಿಗೆ, ಅಷ್ಟೇ. "ಮಂದಿ ಗಂಡನ ಮೂಗಿಗೆ ತುಪ್ಪಾ ಸವರಿ ಕೆಲಸಾ ತಗೀತಾರ, ನಮ್ಮ ಫಕೀರವ್ವ ಖರೇನ ಹುಯ್ತಾಳ ನೋಡ್ರಿ" ಎಂದು ನಳದ ಹತ್ತಿರ ಹೆಂಗಸರು ನಗುತ್ತಿದ್ದರು. ನಗಲಿ, ಅವರ ಗಂಡಂದಿರು ಕೆಮ್ಮುವಾಗ ಗೊತ್ತಾಗುತ್ತದೆ ಎಂದುಕೊಳ್ಳುತ್ತಿದ್ದಳು ಅವಳು.

ಊಟವಾದ ಮೇಲೆ ಕಂಠೆಪ್ಪ ಕಟ್ಟೆಯ ಅಂಚಿನಾಚೆ ತಲೆ ಇಳಿಬಿಟ್ಟು ಮಲಗುವನು. ಅವಳು ಮಿಳ್ಳಿಯಲ್ಲಿ, ಅಂದರೆ ತುಪ್ಪ ಬಡಿಸುವ ಆ ಪುಟ್ಟ ಹಿತ್ತಾಳೆ ಸೌಟಿನಲ್ಲಿ, ತುಪ್ಪವನ್ನು ಚಿಮಣಿ ದೀಪದ ಮೇಲೆ ಹಿಡಿದು ಕರಗಿಸಿ ಒಂದೊಂದು ಹೊಳ್ಳೆಗೂ ಹುಯ್ಯುವಳು. "ಎಳಕೋರಿ" ಅನ್ನುವಳು. ಅವನು ಸೊರ್ರನೆ ಎಳೆದುಕೊಳ್ಳುವನು. ಎರಡನೇ ಹೊಳ್ಳೆಗೆ ಬರುವಷ್ಟರಲ್ಲಿ ದಣಿದ ಜೀವ ನಿದ್ದೆಗೆ ಜಾರಿರುತ್ತಿತ್ತು. ಮಳೆ ಮುಗಿಯುತ್ತಲೇ ಅವನಿಗೆ ಒಣಕೆಮ್ಮು ಶುರುವಾದಾಗ ಅವಳು ಒಂದು ಮಿಳ್ಳಿಯನ್ನು ಎರಡು ಮಾಡಿದಳು. ಧೂಳು ಗೆಲ್ಲಬಾರದು, ಅಷ್ಟೇ ಅವಳ ಹಟ.

ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಕಂಠೆಪ್ಪನಿಗೆ ಕಿಟಕಿಯ ಪಕ್ಕದ ಮಂಚ ಸಿಕ್ಕಿತು. ಮೊದಲ ಕೆಲವು ದಿನ ಮೂಗಿನಲ್ಲಿ ಆಕ್ಸಿಜನ್ ನಳಿಗೆ ಇದ್ದುದರಿಂದ ತುಪ್ಪ ಹಾಕಲು ದಾರಿಯೇ ಇರಲಿಲ್ಲ. ಫಕೀರವ್ವನಿಗೆ ಅದೊಂದೇ ಚಿಂತೆ. ಸೂಜಿಯ ಮೇಲೆ ಸೂಜಿ ಚುಚ್ಚಿದರು, ಕಫ ತೆಗೆದುಕೊಂಡು ಹೋದರು. ಜ್ವರ ಇಳಿಯಿತು. ಕಂಠೆಪ್ಪ ಎದ್ದು ಕೂತು ಗಂಜಿ ಕುಡಿದ, ಕಿಟಕಿಯಾಚೆಯ ತೆಂಗಿನ ಮರ ತೋರಿಸಿ, "ಇಲ್ಲಿ ಗಾಳಿ ಚಲೋ ಐತಿ ನೋಡ," ಎಂದ. ಕಫದಲ್ಲಿ ಟಿಬಿ ಕಾಣಲಿಲ್ಲ ಎಂದು ಸುಲಭಾ ಹೇಳಿದಾಗ ಫಕೀರವ್ವ ಅವಳ ಕಾಲು ಮುಟ್ಟಲು ಹೋದಳು. ಸುಲಭಾ ಹಿಂದೆ ಸರಿದಳು. ಟಿಬಿ ಅಲ್ಲವೆಂದರೆ ಉಳಿಯುವುದೇನು ಎಂಬುದು ಡಾಕ್ಟರಿಗೆ ಗೊತ್ತಿತ್ತು, ಫಕೀರವ್ವನಿಗೆ ತಡವಾಗಿ ಹೊಳೆಯಿತು.

ನಳಿಗೆ ತೆಗೆದ ದಿನವೇ ಅವಳು ಡಬ್ಬಿಯ ಮುಚ್ಚಳ ತೆಗೆದಳು. ಭೇಟಿಗೆ ಬಂದವರೆಲ್ಲ ಹೋಗುವ ಗಂಟೆ ಬಾರಿಸಿ, ಆಯಾಗಳು ಊಟದ ಗಾಡಿಯ ಹಿಂದೆ ಹೋದ ಸಂಜೆಯ ಹೊತ್ತಿಗೆ, ಸೆರಗನ್ನೇ ಪರದೆಯಂತೆ ಹಿಡಿದು, ಕೈ ತಪ್ಪಿದ ಅಷ್ಟೂ ದಿನದ್ದನ್ನು ಸೇರಿಸಿಯೇ ಹಾಕಿದಳು. ಒಂದೆರಡು ದಿನದಲ್ಲಿ ಜ್ವರ ಮತ್ತೆ ಏರಿತು. ಕಂಠೆಪ್ಪ ಮತ್ತೆ ಉಸಿರು ಸೇದತೊಡಗಿದ. ಸುಲಭಾ ಅವನ ಮಂಚದ ಹತ್ತಿರ ನಿಂತು, "ಇಳಿದ ಜ್ವರ ಯಾಕೆ ಏರಿತು?" ಎಂದು ತನ್ನಷ್ಟಕ್ಕೇ ಎಂಬಂತೆ ಕೇಳಿಕೊಂಡಳು. ಫಕೀರವ್ವನ ಲೆಕ್ಕ ಬೇರೆ ಇತ್ತು. ನಡುವೆ ತುಪ್ಪ ತಪ್ಪಿದ್ದಕ್ಕೇ ಹೀಗಾಯಿತು ಎಂದು ಅವಳು ತನ್ನನ್ನೇ ಬೈದುಕೊಂಡಳು.

ದೊಡ್ಡ ಡಾಕ್ಟರು ಬಂದರು, ಫಿಲ್ಮು ನೋಡಿದರು, ಕೊಂಕಣಿಯಲ್ಲಿ ಏನೋ ಹೇಳಿ ಹೋದರು. ಸುಲಭಾ ಅದನ್ನು ಮೆಲ್ಲಗೆ ಕನ್ನಡ ಮಾಡಿದಳು. ಮೊದಲು ಗಂಟಲೊಳಗೆ ನಳಿಗೆ ಇಳಿಸಿ, ಎದೆಯೊಳಗೆ ನೀರು ಬಿಟ್ಟು ತೊಳೆದು, ಆ ನೀರನ್ನು ತೆಗೆದು ಪರೀಕ್ಷೆ ಮಾಡುತ್ತಾರೆ. ಅದರಲ್ಲೂ ಏನೂ ತಿಳಿಯದಿದ್ದರೆ ಎದೆ ತೆರೆದು ಗಂಟಿನ ತುಂಡು ತೆಗೆಯಬೇಕು.

"ಎದಿ ಸೀಳತಾರೇನ್ರಿ?" ಫಕೀರವ್ವ ಕೇಳಿದಳು.

"ಸೀಳೋದು ಅಂದ್ರೆ... ಆಪರೇಶನ್. ನೀವು ಹೆಬ್ಬೆಟ್ಟು ಒತ್ತಬೇಕಾಗ್ತದೆ."

ಅವಳು ವರಾಂಡಕ್ಕೆ ಬಂದು ಗೋಡೆಗೆ ಹಣೆ ಒತ್ತಿ ನಿಂತಳು. ಇದೇ ಕೈಯಿಂದ ಎದೆ ಸೀಳಲು ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಗಂಟು ಬೆಳೆಯುತ್ತದೆ. ಅತ್ತ ದರಿ, ಇತ್ತ ಪುಲಿ. ಸಂಜೆ ಭೇಟಿಗೆ ಬಂದ ಮಕ್ತುಮಸಾಬ ಅಲ್ಲೇ ಕಂಡ. "ಕಾಕಾ, ನನಗೇನೂ ತಿಳೀವಲ್ದು. ಹುಲಿಗೆಮ್ಮಗ ಬೇಡಿಕೊಂಡೀನಿ, ಇವ್ರು ಎದ್ದು ಕುಂತ್ರ ನಡಕೊಂಡ ಬರ್ತೀನಂತ. ಮತ್ತೇನ ಮಾಡ್ಲಿ?" ಎಂದು ಕೇಳಿದಳು. ಯಾವ ಮಾತಿಗೂ ಸೋಲದ ಮುಕಾದಮ, ದಿನವಿಡೀ ಆಳುಗಳ ಮೇಲೆ ಕೂಗಾಡಿ ಗಂಟಲು ಒಡೆದುಕೊಂಡವನು, ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತಾ, "ಅವ ಗಟ್ಟಿ ಅದಾನವಾ, ಗಟ್ಟಿ ಅದಾನ," ಎಂದಷ್ಟೇ ಹೇಳಿದ. ತಾನು ಕರೆತಂದ ಆಳು, ತಾನು ಇಳಿಸಿದ ಹಡಗು ಎಂಬ ಸಂಕಟ ಅವನಿಗೂ ಇತ್ತು.

ಗಂಟಲಿಗೆ ನಳಿಗೆ ಇಳಿಸಿದ ಮರುದಿನ ಕಂಠೆಪ್ಪನಿಗೆ ಮಾತಾಡಲೂ ತ್ರಾಣವಿರಲಿಲ್ಲ. ಇಂದೋ ನಾಳೆಯೋ ಹೆಬ್ಬೆಟ್ಟಿಗೆ ಕರೆಯುತ್ತಾರೆ. ಅಷ್ಟರೊಳಗೆ ತನ್ನಿಂದಾಗುವುದನ್ನು ತಾನು ಮಾಡಬೇಕು. ಸಂಜೆಯ ಗಂಟೆ ಬಾರಿಸಿತು. ಪಶ್ಚಿಮದ ಕಿಟಕಿಯಿಂದ ಬಿಸಿಲು ಮಂಚದವರೆಗೂ ಬಂದಿತ್ತು. ಆ ಬಿಸಿಲಲ್ಲೇ ಮಿಳ್ಳಿ ಹಿಡಿದು ತುಪ್ಪ ಕರಗಿಸಿಕೊಂಡಳು. ಗಂಡನ ತಲೆಯನ್ನು ದಿಂಬಿನಿಂದ ಆಚೆ ಇಳಿಸಿ, ಗದ್ದ ಎತ್ತಿ, "ಸ್ವಲ್ಪ ಎಳಕೋರಿ, ಇದ ಕಡೀದು," ಎಂದು ಮಿಳ್ಳಿ ಬಾಗಿಸಿದಳು.

"ಏನದು?"

ಬೆನ್ನ ಹಿಂದೆಯೇ ಸುಲಭಾ. ಫಕೀರವ್ವ ಥಟ್ಟನೆ ತಿರುಗಿದ್ದಕ್ಕೆ ತುಪ್ಪ ಕಂಠೆಪ್ಪನ ಕೆನ್ನೆಯ ಮೇಲೆ ಚೆಲ್ಲಿತು. ಈಗ ವಾರ್ಡಿನಿಂದ ಹೊರಗೆ ದಬ್ಬುತ್ತಾರೆ ಎಂದುಕೊಂಡಳು.

"ಏನಿಲ್ರಿ ಬಾಯಾರ. ತುಪ್ಪಾರಿ. ಚಲೋ ತುಪ್ಪ, ಆಕಳದ್ದು."

"ಮೂಗಿಗೆ ಹಾಕ್ತಾ ಇದ್ದೀರಾ?"

"ಹೌದ್ರಿ. ಧೂಳ ಇಳೀಲಂತ."

"ಇವತ್ತು ಮಾತ್ರನಾ?"

"ಬಾಯ್ನಾಕ ಬಂದಾಗಿಂದ್ರಿ. ಒಂದಿನಾನೂ ತಪ್ಪಿಸಿಲ್ಲ. ಇಲ್ಲಿಗೆ ಬಂದ ಮ್ಯಾಲ ಮೊದಲಿಗೆ ತಪ್ಪಿತ್ತು ಅಷ್ಟ."

"ಎಷ್ಟು ಹಾಕ್ತೀರಿ? ಒಂದು ಹನಿ?"

ಹೆದರಿಕೆಯ ನಡುವೆಯೂ ಫಕೀರವ್ವನ ಮಾನಕ್ಕೆ ಪೆಟ್ಟು ಬಿತ್ತು. "ಗಂಡಗ ಒಂದ ಹನಿ ಹಾಕಾಕ ನಾ ಏನ ಅಷ್ಟ ಜಿಪುಣಿ ಏನ್ರಿ? ಒಂದೊಂದ ಹೊಳ್ಳಿಗಿ ಒಂದೊಂದ ಮಿಳ್ಳಿ. ಕೆಮ್ಮ ಬಂದ ಮ್ಯಾಲ ಎರಡೆರಡು."

ಸುಲಭಾ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಕೋಟಿನ ಕಿಸೆಯಿಂದ ಒಂದು ಗಾಜಿನ ಬಾಟಲಿ ತೆಗೆದಳು. ನಿನ್ನೆ ಕಂಠೆಪ್ಪನ ಎದೆ ತೊಳೆದು ತೆಗೆದ ನೀರು. ಹಾಲಿಗೆ ನೀರು ಬೆರೆಸಿದ ಬಣ್ಣ. ಮೇಲುಗಡೆ ಹಳದಿಯ ಒಂದು ಪದರ ತೇಲುತ್ತಿತ್ತು. ಬಂದರಿನ ಆಳುಗಳು ಡಬ್ಬದಿಂದ ಡೀಸೆಲ್ಲು, ಸೀಮೆಎಣ್ಣೆ ಬಾಯಲ್ಲಿ ಎಳೆದು ತೆಗೆಯುವುದುಂಟು. ಹಾಗೇನಾದರೂ ನುಂಗಿದ್ದನೇ ಎಂದು ಕೇಳಲೆಂದೇ ಅವಳು ಬಂದಿದ್ದಳು. ಈಗ ಬಾಟಲಿಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದಳು, ಪದರ ನಿಧಾನ ಜಾರಿತು. ಫಕೀರವ್ವನ ಕೈಯಿಂದ ಮಿಳ್ಳಿ ತೆಗೆದುಕೊಂಡು ಮೂಸಿದಳು. ಬಾಟಲಿ ನೋಡಿದಳು, ಮಿಳ್ಳಿ ನೋಡಿದಳು.

"ಅವತ್ತು ಕೇಳಿದ್ನಲ್ಲ ನಿಮಗೆ, ಏನಾದರೂ ಔಷಧಿ ಕೊಡ್ತೀರಾ ಅಂತ?"

"ತುಪ್ಪ ಔಷಧಿ ಹೆಂಗ ಆಗತೈತ್ರಿ ಬಾಯಾರ? ತುಪ್ಪ ತುಪ್ಪಾರಿ."

"ಅದೂ ಸರಿ," ಎಂದಳು ಸುಲಭಾ. "ನಾನು ತುಪ್ಪ ಅಂತ ಕೇಳಲೇ ಇಲ್ಲ."

ಆಮೇಲೆ ಅವಳು ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಊಟ, ನೀರು ತಪ್ಪಿ ಗಾಳಿಯ ದಾರಿಗೆ ಹೋದರೆ ನೆತ್ತಿಗೇರುತ್ತದೆ, ಕೆಮ್ಮು ಬಂದು ಹೊರಗೆ ಹಾಕುತ್ತದೆ. ತುಪ್ಪ ಹಾಗಲ್ಲ, ನುಣ್ಣಗಿರುವುದು. ಮಲಗಿದವನ ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಎದೆಗೆ ಸದ್ದಿಲ್ಲದೆ ಇಳಿಯುತ್ತದೆ. ಎದೆ ಅದನ್ನು ಜೀರ್ಣ ಮಾಡಿಕೊಳ್ಳಲಾರದು. ಸುತ್ತ ಬೇಲಿ ಕಟ್ಟಿದ ಹಾಗೆ ಗಂಟು ಕಟ್ಟಿಕೊಳ್ಳುತ್ತದೆ. ಅಪರೂಪ, ಆದರೆ ಉಂಟು. ಓದುವಾಗ ಪುಸ್ತಕದಲ್ಲಿ ನೋಡಿದ್ದಳು, ಕಣ್ಣಾರೆ ನೋಡಿರಲಿಲ್ಲ.

"ಅಂದ್ರ... ಈ ಗಂಟು..." ಫಕೀರವ್ವ ತಡೆತಡೆದು ಕೇಳಿದಳು. "ನಾ ಹಾಕಿದ್ದ ತುಪ್ಪೇನ್ರಿ?"

"ನೂರಕ್ಕೆ ತೊಂಬತ್ತು ಅದೇ. ನಾಳೆ ಈ ನೀರಿಗೆ ಬಣ್ಣ ಹಾಕಿ ನೋಡಿದರೆ ಖಾತ್ರಿಯಾಗ್ತದೆ. ಅರ್ಥ ಆಯ್ತಾ ನಿಮಗೆ? ದೊಡ್ಡ ಕಾಯಿಲೆ ಅಲ್ಲ. ಆಪರೇಶನ್ನೂ ಬೇಡ. ತುಪ್ಪ ನಿಲ್ಲಿಸಿದರೆ ನಿಧಾನ ಕರಗ್ತದೆ. ಇದು ಒಳ್ಳೆ ಸುದ್ದಿ!"

ಒಳ್ಳೆಯ ಸುದ್ದಿ ಫಕೀರವ್ವನ ಕಿವಿಗೆ ಬೀಳಲೇ ಇಲ್ಲ. ಅವಳಿಗೆ ಕಂಡದ್ದು ಅವ್ವನ ಕೈ. ಅವ್ವ ತುಪ್ಪದ ಡಬ್ಬಿಗೆ ಕಿರುಬೆರಳಿನ ತುದಿ ಅದ್ದಿ, ಅಪ್ಪನ ಹೊಳ್ಳೆಯ ಅಂಚಿಗೆ ಸವರಿ, ಉಳಿದದ್ದನ್ನು ಅವನ ಮೀಸೆಗೆ ತಿಕ್ಕಿ ನಗುತ್ತಿದ್ದಳು. ಅಷ್ಟೇ. ಮಿಳ್ಳಿ ಅವ್ವನದ್ದಲ್ಲ. ಹತ್ತಿಯ ಧೂಳಿಗೆ ಬೆರಳು ಸಾಕು, ಕಬ್ಬಿಣದ ಧೂಳಿಗೆ ಮಿಳ್ಳಿಯೇ ಬೇಕೆಂದು ತೀರ್ಮಾನ ಮಾಡಿದವಳು ತಾನು.

"ಅಯ್ಯ ನನ ಶಿವನ! ನನ್ನ ಕೈಯಾರೆ ನಾನ ಹುಯ್ದೆನಲ್ಲೋ!" ಎಂದು ಎದೆ ಬಡಿದುಕೊಂಡು ಒಮ್ಮೆಲೇ ಅತ್ತಳು. ವಾರ್ಡಿನ ತಲೆಗಳೆಲ್ಲ ತಿರುಗಿದವು. ಊಟದ ಗಾಡಿಯ ಹಿಂದಿದ್ದ ಆಯಾ ಓಡಿ ಬಂದಳು.

ಕೆನ್ನೆಯ ಮೇಲಿನ ತುಪ್ಪ ಕಿವಿಯ ಕಡೆ ಇಳಿಯುತ್ತಿದ್ದ ಕಂಠೆಪ್ಪ ಕಣ್ಣು ತೆರೆದ. ಇಷ್ಟೂ ಮಾತು ಅವನು ಕೇಳಿಸಿಕೊಂಡಿದ್ದ. ಉಸಿರು ಕೂಡಿಸಿಕೊಂಡು, ನಿಂತು ನಿಂತು ಹೇಳಿದ:

"ಅಳಬ್ಯಾಡ ಹುಚ್ಚಿ. ಮಂದಿ... ಗಂಡಗ ವಿಷಾ ಹಾಕ್ತಾರ. ನೀ ತುಪ್ಪಾ ಹಾಕೀದಿ."

ಸುಲಭಾಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮಂಚದ ಮುದುಕ, ಒಂದಕ್ಷರ ಕನ್ನಡ ಬಾರದವನು, ಅವಳ ನಗು ನೋಡಿಯೇ ನಕ್ಕ. ಫಕೀರವ್ವ ಅಳುತ್ತಲೇ ಸೆರಗಿನಿಂದ ಗಂಡನ ಕೆನ್ನೆ ಒರೆಸಿದಳು. ಆಗ ಎಲ್ಲೋ ಒಳಗೆ, ತಡವಾಗಿ, ಆ ಇನ್ನೊಂದು ಮಾತು ಬಂದು ತಾಗಿತು. ಎದೆ ಸೀಳುವುದಿಲ್ಲ. ಇದು ದೊಡ್ಡ ಬ್ಯಾನಿ ಅಲ್ಲ. ಅವಳು ಮಂಚದ ಕಾಲಿಗೆ ಒರಗಿ ಕೂತಳು. ಇಷ್ಟು ದಿನ ಹೊತ್ತು ತಿರುಗಿದ ಕಲ್ಲನ್ನು ಯಾರೋ ತಲೆಯಿಂದ ಇಳಿಸಿದಂತಿತ್ತು, ಕತ್ತು ಮಾತ್ರ ಇನ್ನೂ ನೋಯುತ್ತಿತ್ತು.

ಮರುದಿನ ಖಾತ್ರಿಯಾಯಿತು. ದೊಡ್ಡ ಡಾಕ್ಟರು ಕಲಿಯುವ ಹುಡುಗರ ದಂಡು ಕಟ್ಟಿಕೊಂಡು ಬಂದು ಮಿಳ್ಳಿ ತೋರಿಸು ಎಂದರು. ಫಕೀರವ್ವ ನಾಚಿಕೆಯಿಂದ ಹಿಡಿಯಾಗಿ ತೋರಿಸಿದಳು. ಅದು ಕೈಯಿಂದ ಕೈಗೆ ಹೋಯಿತು. ಒಬ್ಬ ಅದರೊಳಗೆ ನೀರು ಹಾಕಿ ಅಳೆದ, ಇನ್ನೊಬ್ಬ ತನ್ನ ಅಜ್ಜಿಯೂ ಕೊಬ್ಬರಿ ಎಣ್ಣೆ ಹಾಕುತ್ತಾಳೆ ಎಂದು ಮೆಲ್ಲಗೆ ಹೇಳಿ ಬೈಸಿಕೊಂಡ. ದೊಡ್ಡ ಡಾಕ್ಟರು ಮಿಳ್ಳಿಯನ್ನು ಹಿಂದಕ್ಕೆ ಕೊಡುತ್ತಾ ತಮ್ಮ ಹರಕುಮುರುಕು ಹಿಂದಿಯಲ್ಲಿ, ಇದನ್ನು ಇನ್ನು ಮೇಲೆ ಅನ್ನಕ್ಕೆ ಮಾತ್ರ ಹಾಕು ಬಾಯಿ, ಎಂದರು.

ಮಕ್ತುಮಸಾಬನಿಗೆ ಸುದ್ದಿ ಹೇಳಿದಾಗ ಅವನು ವರಾಂಡದಲ್ಲೇ ಎರಡೂ ಕೈ ಮೇಲೆತ್ತಿ, "ಯಾ ಅಲ್ಲಾ! ತುಪ್ಪ ಅಂತ, ತುಪ್ಪ!" ಎಂದು ಕೂಗಿದ್ದಕ್ಕೆ ನರ್ಸು ಬಂದು ಗದರಿದಳು. ಅವನು ಗದರಿಸಿಕೊಂಡೂ ನಗುತ್ತಲೇ ಇದ್ದ. "ಅತಿ ಆದ್ರ ಅಮೃತಾನೂ ವಿಷ ಅಂತ ಹಿರ್ಯಾರು ಸುಮ್ಮನ ಹೇಳ್ಯಾರೇನವಾ? ನಾ ಬಡಕೊಂಡ್ನೆಲ್ಲ, ಬೆಲ್ಲ ತಿನಸು, ಬೆಲ್ಲ ತಿನಸು ಅಂತ."

"ನಿಮ್ಮ ಬೆಲ್ಲೇನ ಬಿಡ್ರಿ ಕಾಕಾ," ಎಂದಳು ಫಕೀರವ್ವ. ಬಹಳ ದಿನದ ಮೇಲೆ ಅವಳ ದನಿಗೆ ಅದರ ಮೊದಲಿನ ಹರಿತ ಬಂದಿತ್ತು. "ಡಾಕ್ಟರಬಾಯಾರು ಮೂಗಿಗಿ ಅರಿವಿ ಕಟ್ಟಿಕೊಂಡ ಇಳೀರಿ ಅಂದಾರ. ಎಲ್ಲಾರಿಗೂ. ನಿಮಗೂ."

ದೀಪಾವಳಿ ಕಳೆದ ಮೇಲೆ ಮತ್ತೊಂದು ಫಿಲ್ಮು ತೆಗೆದರು. ಸುಲಭಾ ಅದನ್ನು ಅದೇ ಕಿಟಕಿಗೆ ಹಿಡಿದು ಅದೇ ರೀತಿ ಸುಮ್ಮನೆ ನಿಂತಳು. ಸುಲಭಾ ತಿರುಗಿದಾಗ ಅವಳ ಮುಖವೆಲ್ಲ ನಗುವಾಗಿತ್ತು. ಹೊಲದ ಹತ್ತಿಯನ್ನು ಯಾರೋ ಬಿಡಿಸಿಕೊಂಡು ಹೋಗಿದ್ದರು. ಅಲ್ಲೊಂದು ಇಲ್ಲೊಂದು ಎಳೆ ಉಳಿದಿತ್ತು, ಅಷ್ಟೇ.

ಬಾಯ್ನಾಕ್ಕೆ ಬಂದ ಮೇಲೆ ಡಬ್ಬಿ ಜೋಪಡಿಯ ಮೂಲೆಯಲ್ಲಿ ಕೂತಿತು. ಫಕೀರವ್ವ ಅದರ ಕಡೆ ಮುಖ ಮಾಡಲಿಲ್ಲ. ಕಸ ಗುಡಿಸುವಾಗಲೂ ಅದರ ಸುತ್ತ ಗುಡಿಸಿ ಬರುತ್ತಿದ್ದಳು. ಎಸೆಯೋಣವೆಂದರೆ ಅವ್ವ ಕಳಿಸಿದ್ದು, ಮನೆಯ ಲಕ್ಷ್ಮಿ. ಇಟ್ಟುಕೊಳ್ಳೋಣವೆಂದರೆ ನೋಡಿದಾಗೆಲ್ಲ ಕಪ್ಪು ಫಿಲ್ಮಿನ ಬಿಳಿ ಉಂಡೆ ಕಣ್ಣಿಗೆ ಬರುವುದು. ಯಾರಾದರೂ ಒಯ್ದರೆ ಚೆನ್ನಾಗಿತ್ತು ಎಂದುಕೊಂಡಳು. ಆದರೆ ಬಾಯ್ನಾದ ಹೆಂಗಸರಿಗೆ ಕಥೆಯೆಲ್ಲ ಗೊತ್ತಾಗಿತ್ತು, ಆ ತುಪ್ಪವೆಂದರೆ ಎಲ್ಲರೂ ದೂರ ಸರಿಯುತ್ತಿದ್ದರು.

ಕಂಠೆಪ್ಪ ಇನ್ನೂ ಹಡಗಿಗೆ ಇಳಿಯುತ್ತಿರಲಿಲ್ಲ. ಮಕ್ತುಮಸಾಬ ಅವನನ್ನು ಮೇಲೆ, ಗಾಳಿಯಲ್ಲಿ, ಹಗ್ಗ ನೋಡಿಕೊಳ್ಳಲು ಹಚ್ಚಿದ್ದ. ಒಂದು ಸಂಜೆ ಹೊತ್ತು ಮುಳುಗುವ ಮುಂಚೆಯೇ ಮನೆಗೆ ಬಂದ. ಮೈ ತೊಳೆದ ನೀರಿನಲ್ಲಿ ಕೆಂಪು ಕಡಿಮೆಯಿತ್ತು. ಫಕೀರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನು ಮೂಲೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದು, ಗೂಡಿನಿಂದ ಮಿಳ್ಳಿ ತಂದು, ಒಂದು ಗಡ್ಡೆ ತುಪ್ಪ ತೆಗೆದುಕೊಂಡು ಒಲೆಯ ಕೆಂಡದ ಮೇಲೆ ಹಿಡಿದ. ವಾಸನೆ ಜೋಪಡಿ ತುಂಬಿತು. ಫಕೀರವ್ವ ತಲೆ ಎತ್ತಿ ನೋಡುವಷ್ಟರಲ್ಲಿ ಅವನು ಕಟ್ಟೆಯ ಮೇಲೆ ತಲೆ ಹಿಂದಕ್ಕೆ ಚೆಲ್ಲಿ, ಮಿಳ್ಳಿಯನ್ನು ಮೂಗಿನ ಹತ್ತಿರ ಒಯ್ದಿದ್ದ.

"ರೀ!"

ಹಿಟ್ಟಿನ ಕೈಯಲ್ಲೇ ಎದ್ದು ಅವನ ಮಣಿಕಟ್ಟು ಹಿಡಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ, ನಕ್ಕ, ಒಮ್ಮೆಯೂ ಕೆಮ್ಮಲಿಲ್ಲ. ಅದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳು ಮಣಿಕಟ್ಟು ಬಿಡಲಿಲ್ಲ.

"ಭಾಳ ಶಾಣ್ಯಾ ಆಗೀರಿ," ಎಂದಳು. "ಜೀವಾ ಹೋಗಿ ಬಂತು ನಂದು."

"ಕುಂದ್ರ," ಎಂದ ಅವನು. ಬುಟ್ಟಿಯಿಂದ ಬಿಸಿ ರೊಟ್ಟಿ ತೆಗೆದು ಅವಳ ತಾಟಿಗೆ ಹಾಕಿ, ಮಿಳ್ಳಿಯ ಅಷ್ಟೂ ತುಪ್ಪವನ್ನು ಅದರ ಮೇಲೆ ಹುಯ್ದ.

"ನನಗ್ಯಾಕ? ನೀವ ತಿನ್ರಿ, ಬ್ಯಾನಿ ಬಿದ್ದ ಎದ್ದವ್ರು."

"ಇಷ್ಟ ದಿನಾ ನನ್ನ ಮೂಗ ತಿಂತು. ಈಗ ನಿನ್ನ ಬಾಯಿ ತಿನ್ಲಿ. ತಿನ್ನಂದ್ರ ತಿನ್ನು."

ಅವಳು ತಾಟನ್ನು ಹತ್ತಿರ ಎಳೆದುಕೊಂಡಳು. ತುಂಡು ಮುರಿದು ಬಾಯಿಗಿಟ್ಟಳು. ಅವ್ವನ ಅಡಿಗೆಮನೆ, ಕಟ್ಟಿದ ಆಕಳು, ಅಪ್ಪನ ಮೀಸೆ, ಎಲ್ಲ ಒಮ್ಮೆಲೇ ನಾಲಿಗೆಗೆ ಬಂತು. ಕಂಠೆಪ್ಪ ಎದುರಿಗೆ ಕೂತು ಅವಳು ತಿನ್ನುವುದನ್ನೇ ನೋಡುತ್ತಿದ್ದ. ಅವನ ಉಸಿರು ಕೇಳಿಸುತ್ತದೆಯೇ ಎಂದು ಅವಳು ರೂಢಿಯಂತೆ ಕಿವಿಗೊಟ್ಟಳು. ಹೊರಗೆ ಸಮುದ್ರದ ಸದ್ದು ಬಿಟ್ಟು ಏನೂ ಕೇಳಲಿಲ್ಲ. ತುಪ್ಪ ರೊಟ್ಟಿಯಿಂದ ಬೆರಳಿಗೆ, ಬೆರಳಿನಿಂದ ಬಳೆಯ ಕಡೆ ಇಳಿಯುತ್ತಿತ್ತು. ಅವಳು ಅದನ್ನು ಕೂದಲಿಗೆ ಒರೆಸಿಕೊಳ್ಳಲಿಲ್ಲ, ನಾಲಿಗೆಯಿಂದ ತಡೆದಳು.